ಬೀಟ್‌ರೂಟ್ ಹೇಳಿದ ಚಾಡಿ

ಏಪ್ರಿಲ್ ಬಂತೆಂದರೆ ಧನಕವಡಿಯ ನಮ್ಮ ಮೂರನೇ ಮಹಡಿ
ಹಂಚಿನ ಮೇಲಿಟ್ಟ ರೊಟ್ಟಿ.
ಮಧ್ಯಾಹ್ನ ಮೂರಕ್ಕೆ ಗೇಟಿನಲ್ಲಿ ಗಾಡಿಯವನ ಗಂಟೆ,
ಮೆಟ್ಟಿಲ ತುಂಬ ಕಿತ್ತಳೆ ಬಣ್ಣದ ನಾಲಿಗೆಗಳ ಮೆರವಣಿಗೆ.
ಇಂದುಧರನಿಗೆ ಏಳು ವರ್ಷ.
ತಟ್ಟೆಯಲ್ಲಿ ಹಸಿರು ಕಂಡರೆ
ಅಂಚಿಗೆ ತಳ್ಳಿ ಬೇಲಿ ಕಟ್ಟುತ್ತಾನೆ.

ಹೀಗೆ ಶುರುವಾಯಿತು ನನ್ನ ಕಳ್ಳತನ.

ನಸುಕಿಗೇ ಮಂಡಈ.
ಶೇವಂತಾಬಾಯಿ ತಕ್ಕಡಿ ಎತ್ತಿ ಕೇಳುತ್ತಾಳೆ:
"ಇಷ್ಟೊಂದು ಭೋಪಳಾ? ಮನೆಯಲ್ಲಿ ಮದುವೆಯೇ?"
ಮದುವೆಯಲ್ಲ ಬಾಯಿ, ಮೋಸ.

ಕುಂಬಳ ಪಳಗಿದ ಕಳ್ಳ.
ಬೇಯಿಸಿ ಅರೆದು ಆಪೂಸಿನ ತಿರುಳಿಗೆ ಬಿಟ್ಟರೆ
ತನ್ನ ಬಣ್ಣದವರ ನಡುವೆ ನಿಂತುಬಿಡುತ್ತದೆ.
ಪಾಲಕ್ ಹಾಗಲ್ಲ, ಬಾಯಿ ಬಿಡುತ್ತದೆ;
ಅದಕ್ಕೆ ಅನಾನಸು ಬೇಕು, ಪುದೀನ ಎರಡೆಲೆ,
ಮೇಲೊಂದು ಸುಳ್ಳು: "ಇದು ಡೈನೋಸಾರ್ ಕ್ಯಾಂಡಿ."
ಸೋರೆಕಾಯಿಗೆ ಇಲ್ಲಿ ದೂಧಿ ಅನ್ನುತ್ತಾರೆ.
ಹಾಲಿನ ಹೆಸರು ಹೊತ್ತ ಕಾಯಿ
ಏಲಕ್ಕಿ ಹಾಕಿ ಕಾಯಿಸಿದ ಹಾಲಲ್ಲಿ ಅಡಗದೆ
ಮತ್ತೆಲ್ಲಿ ಅಡಗೀತು?

ಅಚ್ಚು ಕೊಳ್ಳಲಿಲ್ಲ.
ಮದುವೆಯ ಆಹೇರಿಯಲ್ಲಿ ಬಂದ ಹನ್ನೆರಡು ಪುಟ್ಟ ಲೋಟ,
ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ 'ಗಂಗವ್ವ ಹುಡೇದ'.
ನರಗುಂದದ ಕಡೆಯವಳಂತೆ,
ಯಾರೆಂದು ಇವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.
ಅಂಗೈಯ ಬಿಸಿಯಲ್ಲಿ ಹಿಡಿದು ತಿರುವಿದರೆ
ಪಳ್ ಎಂದು ಕಳಚಿ ಬರುವ ಮಂಜಿನ ತುದಿಗೆ
ಅವಳ ಹೆಸರು ಚುಕ್ಕಿಯಿಟ್ಟಿರುತ್ತದೆ.
ಇಂದುಧರ ಮೊದಲು ಅದನ್ನೇ ನೆಕ್ಕುತ್ತಾನೆ.

ಎಲ್ಲ ಸರಿಯಿತ್ತು, ಬೀಟ್‌ರೂಟಿನ ತನಕ.
ಮಹಾಬಳೇಶ್ವರದ ಸ್ಟ್ರಾಬೆರಿ ಹಂಗಾಮು ಮುಗಿಯುತ್ತ ಬಂದಿತ್ತು;
ಹಣ್ಣು ಎಂಟು, ಗಡ್ಡೆ ಎರಡು.
ರಾಣಿ ಬಣ್ಣ!
ಎರಡು ತಿಂದ, ಇನ್ನೊಂದು ಕದ್ದ.

ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಕಿರುಚು:
"ಅವ್ವಾ! ಉಚ್ಚಿ ಕೆಂಪ ಬರಾಕತ್ತೈತಿ! ನಾ ಸಾಯ್ತೀನಿ!"

ಇವರು ಅರ್ಧ ಗಡ್ಡ ಕೆರೆದ ಮುಖದಲ್ಲೇ
ಸ್ಕೂಟರಿನ ಕೀಲಿ ಹುಡುಕುತ್ತಿದ್ದರು.
ಎದುರುಮನೆಯ ಪೇಂಡ್ಸೆ ಆಜಿ ಬಾಗಿಲಿಗೆ ಬಂದು
ಯಾವುದೋ ದೇವರು, ಯಾವುದೋ ಡಾಕ್ಟರು.
ನಾನು ಓಢಣಿಯ ತುದಿ ಹಿಂಡುತ್ತ ನಿಂತೆ.
ಹೇಳದಿದ್ದರೆ ಆಸ್ಪತ್ರೆ,
ಹೇಳಿದರೆ ಬೇಸಿಗೆಯೆಲ್ಲ ಹೋಯಿತು.

"ಬೀಟ್‌ರೂಟ್," ಎಂದೆ.

ಅಳು ಅಲ್ಲೇ ನಿಂತಿತು.
ಕಣ್ಣೊರೆಸಿಕೊಂಡು ವಕೀಲನಂತೆ ಕೇಳಿದ:
"ಡೈನೋಸಾರದಾಗ?"
"ಪಾಲಕ್."
"ಕುಲ್ಫ್ಯಾಗ?"
"ಸೋರೆಕಾಯಿ."
"ಮಾವಿನ ಹಣ್ಣಿಂದ್ರಾಗ?"
ನಾನು ಸುಮ್ಮನಿದ್ದೆ.
"ಅದರಾಗೂ?"

ಅವನಿಗಿಂತ ಹೆಚ್ಚು ನೊಂದವರು ಇವರು.
ರಾತ್ರಿ ಕದ್ದು ನಾಲ್ಕು ನಾಲ್ಕು ಕುಲ್ಫಿ ಮುಗಿಸಿದವರು,
ಸೋರೆಕಾಯಿ ಪಲ್ಯದ ದಿನ
ಹೊರಗೆ ಮಿಸಳ್ ತಿಂದು ಬರುವವರು.

ಮೂರು ದಿನ ಫ್ರೀಜರು ಯಾರೂ ತೆರೆಯಲಿಲ್ಲ.
ನಾಲ್ಕನೆಯ ದಿನ ನೋಡುತ್ತೇನೆ:
ಕಿಟಕಿಯ ಬಿಸಿಲಿಗೆ ಕ್ಯಾಂಡಿ ಎತ್ತಿ ಹಿಡಿದು
ಒಳಗೆ ಯಾರಿದ್ದಾರೆಂದು ಹುಡುಕುತ್ತಿದ್ದಾನೆ.
ಕರಗಿದ್ದು ಮೊಣಕೈಗೆ ಇಳಿದಿತ್ತು;
ತನ್ನ ಮೊಣಕೈ ತಾನು ನೆಕ್ಕಲಾಗದು
ಎಂಬುದು ಅಂದು ಅವನಿಗೆ ತಿಳಿಯಿತು.

ಭಾನುವಾರ ಅವನೇ ಸ್ಟೂಲು ಹತ್ತಿ
ಮಿಕ್ಸರಿನ ಮುಚ್ಚಳ ಒತ್ತಿ ಹಿಡಿದ.
"ಅಪ್ಪಗ ಹೇಳಬ್ಯಾಡ."
ಹಾಗಲಕಾಯಿ ಅರ್ಧ, ಬೀಜ ಸಮೇತ.
ದ್ರಾಕ್ಷಿ ಹಾಕಿದ, ಬೆಲ್ಲ ಹಾಕಿದ,
ನನ್ನ ಮುಖ ನೋಡಿದ,
ಇನ್ನಷ್ಟು ಬೆಲ್ಲ ಹಾಕಿದ.

ಸಂಜೆ ಇವರು ಮೊದಲ ಸಲ ಚೀಪಿ
ಬಹಳ ಹೊತ್ತು ಗೋಡೆಯ ಕ್ಯಾಲೆಂಡರ್ ನೋಡಿದರು.
ನುಂಗಿದರು.
"ಭಾರೀ ಆಗೇತಿ. ಏನೇನ ಹಾಕೀದಿ?"

"ದ್ರಾಕ್ಷಿ," ಎಂದ ಇಂದುಧರ,
ನನ್ನ ಕಡೆ ತಿರುಗದೆ,
ಥೇಟ್ ನನ್ನ ದನಿಯಲ್ಲಿ.